ಬಿಸಿಗಾಳಿಯ ಲೈಸೆನ್ಸ್

ಅಬುಧಾಬಿ ಹೊರವಲಯದ ಫೌಂಡ್ರಿಯೊಂದರಲ್ಲಿ ನಾನು ಫೋರ್‌ಮನ್ ಆಗಿದ್ದೆ. ಗುಜರಿ ಕಬ್ಬಿಣವನ್ನೂ ಕೋಕ್ ಕಲ್ಲಿದ್ದಲನ್ನೂ ಮೇಲಿನಿಂದ ಸುರಿದು, ಕೆಳಗಿನಿಂದ ಗಾಳಿ ಊದಿ ಕರಗಿಸುವ ಎತ್ತರದ ಕುಲುಮೆ ನಮ್ಮದು. ಆ ಎರಕದಿಂದ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಮಾಡುತ್ತಿದ್ದೆವು. ಚಳಿಗಾಲದಲ್ಲಿ ಕಬ್ಬಿಣ ಸೊಗಸಾಗಿ ಇಳಿಯುತ್ತಿತ್ತು. ಆಗಸ್ಟ್ ಬಂತೆಂದರೆ ಕುಲುಮೆ ಮೊಂಡು ಹಿಡಿಯುತ್ತಿತ್ತು. ಗಾಳಿ ತಣ್ಣಗಿದ್ದಷ್ಟೂ ಎರಕ ಒಳ್ಳೆಯದು ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಅಲ್ಲಿನ ಮ್ಯಾನೇಜರ್ ನನ್ನ ಹೆಂಡತಿಯ ಚಿಕ್ಕಪ್ಪನ ಮಗ. ಮಂಗಳೂರಿನಿಂದ ಬಂದ ಹೊಸತರಲ್ಲಿ ಬನಿಯಾಸ್‌ನ ನಮ್ಮ ಮನೆಯಲ್ಲೇ ಇದ್ದ. ಅವನನ್ನು ಕಂಪನಿಗೆ ಸೇರಿಸಿದ್ದೂ ನಾನೇ. ಅವನು ಜರ್ಮನಿಯ ಕಂಪನಿಯೊಂದರಿಂದ ಹೊಸ ವಿಧಾನದ ಲೈಸೆನ್ಸ್ ತಂದ. ಕುಲುಮೆಯಿಂದ ಹೊರಹೋಗುವ ಬಿಸಿ ಹೊಗೆಯಿಂದಲೇ ಒಳಗೆ ಊದುವ ಗಾಳಿಯನ್ನು ಕಾಯಿಸುವುದು.

"ಇದು ನಡೆಯುವುದಿಲ್ಲ ಮಾರಾಯ. ಬೇಸಗೆಯಲ್ಲಿ ಕುಲುಮೆಯ ಅವಸ್ಥೆ ನೀನೇ ನೋಡಿದ್ದಿ ಅಲ್ವಾ?" ಎಂದು ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದೆ.

ಅವನು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದ. ಆಮೇಲೆ ನನ್ನನ್ನು ಒಂದು ದಿನ ತರಬೇತಿಗೆ ಕೂರಿಸಿದ. "ಲೈಸೆನ್ಸ್‌ನವರಿಗೆ ಬೇಕಂತೆ ಬಾವ, ಸುಮ್ಮನೆ ಕೂತುಕೊಳ್ಳಿ" ಎಂದ. ಕೊನೆಗೆ, ವಿಧಾನದ ಗುಟ್ಟನ್ನು ಬೇರೆಲ್ಲೂ ಬಳಸುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿಸಿಕೊಂಡರು.

ಬಿಸಿಗಾಳಿ ಗೆದ್ದಿತು. ಮೊದಲ ದಿನವೇ ಕಬ್ಬಿಣ ನೀರಿನಂತೆ ಹರಿಯಿತು. ಜರ್ಮನ್ ಎಂಜಿನಿಯರ್ ನನ್ನ ಪಕ್ಕ ನಿಂತು, "ಬೇಸಗೆಯಲ್ಲಿ ನಿಮಗೆ ತೊಂದರೆ ಕೊಟ್ಟದ್ದು ಸೆಕೆ ಅಲ್ಲ, ಗಾಳಿಯ ತೇವ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ತಿಳಿಸಿದ. ಹೌದೆನಿಸಿತು. ಒಪ್ಪಿಕೊಂಡೆ.

ಮ್ಯಾನೇಜರಿಗೆ ಅಷ್ಟು ಸಾಲಲಿಲ್ಲ. ಕೆಲಸಗಾರರನ್ನೆಲ್ಲ ಒಟ್ಟು ಮಾಡಿ, ನನ್ನನ್ನು ಮುಂದೆ ನಿಲ್ಲಿಸಿದ. "ಬಾವ, ಇವರಿಗೆ ಹೇಳಿ, ನನಗೆ ಏನೂ ಗೊತ್ತಿರಲಿಲ್ಲ ಅಂತ. ಹಿಂದಿಯಲ್ಲಿ ಹೇಳಿ, ಎಲ್ಲರಿಗೂ ಅರ್ಥ ಆಗಲಿ."

ತಮಾಷೆಯೆಂದುಕೊಂಡು ನಕ್ಕೆ. ಅವನು ನಗಲಿಲ್ಲ. "ಯಲ್ಲಾ, ಬೇಗ ಹೇಳಿ. ಕೆಲಸ ಉಂಟು."

"ಮುಝೆ ಕುಛ್ ನಹೀ ಮಾಲೂಮ್ ಥಾ" ಎಂದೆ. ಆಗ ಅವನು ನಕ್ಕ. ಅವನು ನಕ್ಕದ್ದರಿಂದ ಉಳಿದವರೂ ನಕ್ಕರು. ನನ್ನ ಕೈಕೆಳಗೆ ಕೆಲಸ ಕಲಿತವರು, ನೆಲ ನೋಡುತ್ತಾ ನಕ್ಕರು.

ಮರುದಿನ ಕುಲುಮೆಯ ಬಾಗಿಲಲ್ಲಿ ಸೆಕ್ಯುರಿಟಿ ತಡೆದ. ಲೈಸೆನ್ಸಿನ ಪ್ರಕಾರ ಒಳಗೆ ಹೋಗಬಹುದಾದವರಲ್ಲಿ ನಾನಿಲ್ಲ. ನನಗೆ ಸಿಕ್ಕಿದ ಕೆಲಸ, ಹೊಸ ವಿಧಾನ ನೋಡಲು ಬರುವ ಅತಿಥಿಗಳಿಗೆ ಹೆಲ್ಮೆಟ್ ಒರೆಸಿ ಕೊಡುವುದು. ಅವನು ಅವರಿಗೆ ನನ್ನನ್ನು ತೋರಿಸುತ್ತಿದ್ದ: "ಬಿಸಿಗಾಳಿ ಬೇಡ ಅಂದವರು ಇವರೇ." ಅವರು ಕುತೂಹಲದಿಂದ ನೋಡುತ್ತಿದ್ದರು. ಒಬ್ಬಳು ಫೋಟೋ ತೆಗೆದಳು.

ಕೊನೆಗೆ ಶಾರ್ಜಾದ ಫೌಂಡ್ರಿಯೊಂದು ಕೆಲಸ ಕೊಡಲು ಒಪ್ಪಿದ ಮೇಲೆ ರಾಜೀನಾಮೆ ಕೊಟ್ಟೆ. ವೀಸಾ ಕ್ಯಾನ್ಸಲ್ ಆಯಿತು. ಅದಾದ ಮೇಲೆ ಶಾರ್ಜಾದವರು ಫೋನ್ ಮಾಡಿ ಬೇಡವೆಂದರು. ನಿಮ್ಮ ಕರಾರಿನ ವಿಷಯ ನಿಮ್ಮ ಮ್ಯಾನೇಜರೇ ತಿಳಿಸಿದರು, ನಮಗೆ ಕೋರ್ಟು ಕಚೇರಿ ಬೇಡ ಎಂದರು.

ಪೇಟೆಯೊಳಗೆ ಹಮ್ದಾನ್ ಸ್ಟ್ರೀಟ್‌ನಲ್ಲಿದ್ದ ಮ್ಯಾನೇಜರನ ಆಫೀಸಿಗೆ ಹೋದೆ. "ಕುಲುಮೆಯ ಒಳಗೇ ಬಿಡದವನಿಗೆ ಎಂತ ಗುಟ್ಟು ಗೊತ್ತಿರ್ತದೆ? ನೀನೇ ಹೇಳು."

ಅವನು ಕುಳಿತುಕೊಳ್ಳಿ ಎನ್ನಲೂ ಇಲ್ಲ. "ಒಂದು ದಿನ ತರಬೇತಿಗೆ ಕೂರಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ ಬಾವ? ಮೀಟಿಂಗಿನಲ್ಲಿ ಅಷ್ಟು ಜನರ ಎದುರು ನೀವು ನನ್ನನ್ನು ಮಾರಾಯ ಅಂದ್ರಿ. ಖಲಾಸ್, ಹೋಗಿ."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಈಗ ನಾನು ಅವಳ ವೀಸಾದಲ್ಲಿದ್ದೇನೆ. ಮನೆಯಲ್ಲಿ ಅಡುಗೆ ಮಾಡುತ್ತೇನೆ. ಕಳೆದ ವಾರ ಚರ್ಚಿನಲ್ಲಿ ಕೊಂಕಣಿ ಪೂಜೆಯ ಹೊತ್ತು ಅವನು ನಮ್ಮ ಮುಂದಿನ ಬೆಂಚಿನಲ್ಲಿದ್ದ. ಅಕ್ಕಪಕ್ಕದವರ ಕೈ ಕುಲುಕಿ ಪರಸ್ಪರ ಶಾಂತಿ ಕೋರುವಾಗ ಹಿಂದೆ ತಿರುಗಿ, ಎಲ್ಲರೂ ನೋಡುವಂತೆ ನನ್ನತ್ತ ಕೈ ಚಾಚಿದ. ಹೆಂಡತಿ ಮೊಣಕೈಯಿಂದ ನನ್ನನ್ನು ತಿವಿದಳು. ನಾನು ಆ ಕೈ ಹಿಡಿದು ಕುಲುಕಿದೆ. ಬಿಡಲು ನೋಡಿದರೆ ಅವನು ಬಿಡಲಿಲ್ಲ. ನಗುತ್ತಾ ಇನ್ನಷ್ಟು ಬಿಗಿಯಾಗಿ ಒತ್ತಿದ.