ಒಂದು ಗೆರೆ ಬಾಕಿ

ಮನೆ ನಕ್ಷೆ ಬರೆಯುವ ಎಂಜಿನಿಯರ್ ಒಪ್ಪಂದದ ದಿನಕ್ಕೆ ಕೆಲಸ ಮುಗಿಸಿದವರೇ ಅಲ್ಲ. ಫೋನ್ ಮಾಡಿದವರಿಗೆಲ್ಲ "ಒಂದೇ ಒಂದು ಗೆರೆ ಬಾಕಿ" ಎನ್ನುವರು. ಆ ಗೆರೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಕೊನೆಗೆ ಬರುವ ಬಿಲ್ಲಿನಲ್ಲಿ ಮೊದಲು ಮಾತಾಡಿರದ ಶುಲ್ಕವೊಂದು ಇದ್ದೇ ಇರುತ್ತಿತ್ತು. ಜಗಳಕ್ಕೆ ಬಂದವರೆದುರು ಕನ್ನಡಕ ಒರೆಸುತ್ತ ಕೂರುವರು. ಈ ಸಲ ಒಪ್ಪಂದದ ಪತ್ರ ಹಿಡಿದು ಬಂದವರು ಒಬ್ಬ ಟೀಚರಮ್ಮ. "ಮೂರು ತಿಂಗಳು ತಡ ಮಾಡಿದ್ದಲ್ದೆ ಮೇಲೆ ಇನ್ನಷ್ಟು ದುಡ್ಡು ಕೇಳ್ತೀರಲ್ಲ, ಯಾತಕ್ಕೆ?" "ಬಾಗಿಲುಗಳನ್ನೆಲ್ಲ ಅಗಲ ಮಾಡಿ ಮೊದಲಿಂದ ಬರೆದೆ, ಅಮ್ಮ." "ನಾವು ಕೇಳಿದ್ವಾ?" "ಇಲ್ಲ. ನಿಮ್ಮ ಯಜಮಾನ್ರು ಮೊದಲ ಸಲ ಸೈಟಿಗೆ ಬಂದಾಗ ಕಾಲು ಎಳೀತಿದ್ರು. ಹೋದ ತಿಂಗಳು ನಿಮ್ಮ ಹೆಗಲು ಹಿಡ್ಕೊಂಡು ಬಂದ್ರು. ನಾಳೆ ಗಾಲಿಕುರ್ಚಿ ಬಂದ್ರೆ ತಿರುಗೋಕೆ ಜಾಗ ಬೇಕಲ್ವಾ?" ಅವರ ಮನೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಆಡಿರದ ಮಾತು ಅದು. ಟೀಚರಮ್ಮ ಒಪ್ಪಂದದ ಪತ್ರ ಮಡಿಸಿಟ್ಟರು. ಮುಂದೆ ಹರಡಿದ್ದ ನಕ್ಷೆಯ ಮೇಲೆ ಹೊರಬಾಗಿಲಿನಿಂದ ಮಲಗುವ ಕೋಣೆಯವರೆಗೆ ನಿಧಾನವಾಗಿ ಬೆರಳು ಸರಿಸಿದರು; ಅದಕ್ಕೆ ಎಲ್ಲೂ ತಡೆಯಾಗಲಿಲ್ಲ.