ಗಗನಚರನ ಬೆರಳಿನ ಬೂದಿ

ಆ ಕಾಲದಲ್ಲಿ ಒಂದು ವಾರಪತ್ರಿಕೆ ಒಬ್ಬರ ಮನೆಗೆ ಬಂತೆಂದರೆ ಇಡೀ ಓಣಿಗೆ ಬಂದಂತೆಯೇ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದು ದೊಡ್ಡಪ್ಪನ ಮನೆಗೆ ಬರುತ್ತಿತ್ತು. ದೊಡ್ಡವರು ಅದರಲ್ಲಿ ಏನೇನು ಓದುತ್ತಿದ್ದರೋ, ಮಕ್ಕಳಾದ ನಮಗೆ ಬೇಕಾಗಿದ್ದುದು ‘ತ್ರಿಶಂಕು ನೌಕೆ’ ಒಂದೇ. ಭೂಮಿಗೂ ಮರಳಲಾರದೆ, ಬೇರೆ ಗ್ರಹವನ್ನೂ ಮುಟ್ಟಲಾರದೆ ಅಲೆಯುವ ಹಡಗಿನ ಧಾರಾವಾಹಿ ಅದು. ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ಕೆಳಗೆ ಲೇಖಕರ ಹೆಸರು ‘ಗಗನಚರ’ ಎಂದಷ್ಟೇ ಇರುತ್ತಿತ್ತು.

ಓದುವುದಕ್ಕೆ ಸರದಿ ಇತ್ತು. ಮೊದಲು ದೊಡ್ಡಪ್ಪನ ಮಗ ಬಸ್ಯಾ, ಆಮೇಲೆ ಅವನ ಗೆಳೆಯ ಈರ್ಯಾ, ಕಟ್ಟಕಡೆಗೆ ನಾನು. ನನ್ನ ಕೈಗೆ ಬರುವ ಹೊತ್ತಿಗೆ ಪುಟಗಳಿಗೆ ಖಾರದ ಚುರುಮರಿಯ ಎಣ್ಣೆ ಹತ್ತಿರುತ್ತಿತ್ತು, ಕಥೆಯೂ ಇಬ್ಬರ ಬಾಯಲ್ಲಿ ಎಂಜಲಾಗಿರುತ್ತಿತ್ತು. ಹೊಸ ಕಾಗದದ ವಾಸನೆ ಹೇಗಿರುತ್ತದೆಂದು ಕೂಡ ನನಗೆ ಗೊತ್ತಿರಲಿಲ್ಲ. ಹುಡುಗಿಯಾದ್ದರಿಂದ ಕೊನೆಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷದ ದೀಪಾವಳಿ ಸಂಚಿಕೆಯಲ್ಲಿ ಎಲ್ಲ ಲೇಖಕರ ಫೋಟೋ ಹಾಕಿದ್ದರು. ಗಗನಚರನ ಜಾಗದಲ್ಲಿ ಮಾತ್ರ ಒಂದು ಕರಿ ಚೌಕ. ಬಸ್ಯಾನಿಗೆ ಇಷ್ಟು ಸಾಕಾಯಿತು.

“ನೋಡ್ರಲೇ, ಸರಕಾರದವ್ರು ಫೋಟೋ ಅಳಿಸ್ಯಾರ. ಅಂವ ರಾಕೆಟ್ ಮಾಡೋ ಸೈಂಟಿಸ್ಟ್ ಅದಾನ. ಖರೆ ಗುಟ್ಟನ್ನೆಲ್ಲಾ ಕತಿ ಅಂತ ಬರಿಯಾಕತ್ತಾನ!”

“ಸೈಂಟಿಸ್ಟ್ ಅಲ್ಲಲೇ,” ಎಂದ ಈರ್ಯಾ. “ಅಂವ ಸತ್ತು ಭಾಳ ದಿನಾ ಆತು. ಈಗ ಕಂಪ್ಯೂಟರ್ ಬರಿತೈತಿ. ಗ್ರಹಣದ ವಾರ ಕತಿ ಬಂದಿರಲಿಲ್ಲ, ನೆನಪೈತಿಲ್ಲೋ? ಮಷಿನ್ ಬಂದ್ ಇಟ್ಟಿದ್ರು.”

ಇಬ್ಬರೂ ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತ ದಿನಕ್ಕೊಂದು ಸಾಕ್ಷಿ ಹುಡುಕುತ್ತಿದ್ದರು. ಕಥೆ ಬಂದರೂ ಸಾಕ್ಷಿ, ಬರದಿದ್ದರೂ ಸಾಕ್ಷಿ. ನಾನು ನಡುವೆ ಬಾಯಿ ಹಾಕಿದರೆ, “ನೀ ಇನ್ನೂ ಓದಿಲ್ಲ, ಸುಮ್ನ ಕುಂಡ್ರು” ಎನ್ನುತ್ತಿದ್ದರು.

ಒಂದು ವಾರ ನೌಕೆಯ ಹಾಯಿ ಹರಿಯಿತು. ಸೂರ್ಯನ ಬೆಳಕಿನಿಂದ ಓಡುವ ಹಡಗು, ಅದರ ಹಾಯಿ ಕೂದಲಿಗಿಂತ ಸಣ್ಣ ಎಳೆಗಳದ್ದು. ಕಪ್ತಾನ ಬೆರಳಿಗೆ ಬೂದಿ ಹಚ್ಚಿಕೊಂಡು, ಎಳೆಯ ತುದಿಗೆ ತುದಿ ಕೂಡಿಸಿ, ಹೊಸೆದು ಹೊಸೆದು ಹಾಯಿಗೆ ಜೀವ ತಂದ.

“ಆಕಾಶದಾಗ ಬೂದಿ ಎಲ್ಲಿಂದ ಬಂತಲೇ?” ಎಂದು ಈರ್ಯಾ ನಕ್ಕ. ಬಸ್ಯಾ ನಗಲಿಲ್ಲ. ಬೂದಿ ಅನ್ನುವುದು ಗುಪ್ತ ಸಂದೇಶ, ಯಾವುದೋ ಊರು ಸುಟ್ಟು ಬೂದಿಯಾಗುವುದಿದೆ ಎಂದು ದನಿ ತಗ್ಗಿಸಿ ಹೇಳಿದ.

ಕೊನೆಗೆ ನನ್ನ ಸರದಿ ಬಂದು, ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೂತು ಅದನ್ನು ಓದುತ್ತಿದ್ದೆ. ಗಂಜಿ ಹಾಕಿದ ನೂಲಿನ ಹುಳಿ ವಾಸನೆ. ಒಳಗೆ ಅವ್ವ ಕೆಚ್ಚುತ್ತಿದ್ದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತೇವೆ. ನಮ್ಮ ಓಣಿಯಲ್ಲಿ ಅದು ಹೆಂಗಸರದೇ ಕೆಲಸ. ತಲೆ ಎತ್ತಿ ನೋಡಿದೆ. ಎಳೆ ಜಾರದಿರಲೆಂದು ಅವ್ವ ಪಕ್ಕದ ಬಟ್ಟಲಲ್ಲಿ ಬೆರಳು ಅದ್ದಿದಳು. ಬಟ್ಟಲಲ್ಲಿ ಬೂದಿ.

ನಾನು ಕಟ್ಟೆಗೆ ಓಡಿದೆ. “ಲೇ ಬಸ್ಯಾ, ಗಗನಚರ ಗಂಡಸಲ್ಲ. ಹೆಣ್ಮಗಳು! ನೇಕಾರರ ಮನ್ಯಾಕಿ, ನಮ್ಮವ್ವನಂಗ ಕೆಚ್ಚಿದಾಕಿ!”

ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಪ್ಯೂಟರ್ ಬರೆಯಬಹುದು, ಸತ್ತವನು ಬರೆಯಬಹುದು, ಆದರೆ ಹೆಂಗಸು ಬರೆಯುವುದೆಂದರೆ ಅವರಿಗೆ ನಂಬಲಾಗಲಿಲ್ಲ. ಪಂತ ಬಿತ್ತು. ಗೆದ್ದರೆ ಮೊದಲ ಓದು ನನ್ನದು, ಸೋತರೆ ಪತ್ರಿಕೆ ಮುಟ್ಟುವ ಹಾಗೇ ಇಲ್ಲ.

ಬೇಸಿಗೆ ರಜೆಯಲ್ಲಿ ಪತ್ರಿಕೆಯವರು ಜಮಖಂಡಿಯ ಕಾಲೇಜಿನಲ್ಲಿ ಓದುಗರ ಸಭೆ ಇಟ್ಟರು. ಗಗನಚರ ಮೊದಲ ಸಲ ಜನರೆದುರು ಬರುವುದಿತ್ತು. ದೊಡ್ಡಪ್ಪ ನಮ್ಮ ಮೂವರನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋದ. ವೇದಿಕೆಯ ಮೇಲೆ ಗಡ್ಡದ ಒಬ್ಬ ಗಂಡಸು ಕೂತಿದ್ದ. “ಅಂವನ!” ಎಂದು ಬಸ್ಯಾ ನನ್ನ ತೋಳು ಚಿವುಟಿದ. ಆ ಗಡ್ಡದವನು ಎದ್ದು, ಮೈಕು ಸರಿಮಾಡಿ, “ಈಗ ಗಗನಚರ ಅವರು ಮಾತಾಡತಾರ” ಎಂದು ಕೂತುಬಿಟ್ಟ.

ಎದ್ದವಳು ಇಳಕಲ್ ಸೀರೆಯ, ನಮ್ಮವ್ವನ ವಯಸ್ಸಿನ ಹೆಂಗಸು.

ನಾನು ಕೂಗಿದೆನೋ ಕುಣಿದೆನೋ ತಿಳಿಯದು. ಸಭೆ ಮುಗಿಯುತ್ತಲೇ ಜನರ ಕಾಲ ಸಂದಿಯಲ್ಲಿ ನುಸುಳಿ ಅವರ ಎದುರು ನಿಂತೆ. “ಅಕ್ಕಾರ, ಆಕಾಶದಾಗ ಬೂದಿ ಎಲ್ಲಿಂದ ಬಂತ್ರಿ?”

ಅವರು ನನ್ನನ್ನೇ ನೋಡಿದರು. ಆಮೇಲೆ ನಗುತ್ತ ಕೇಳಿದರು, “ಯವ್ವಾ, ನೀ ರಬಕವಿಯಾಕೇನ, ಬನಹಟ್ಟಿಯಾಕಿ?”

“ಬನಹಟ್ಟಿರೀ.” ಎರಡೂ ಅಕ್ಕಪಕ್ಕದ ನೇಕಾರರ ಊರುಗಳು.

“ಅದಕ್ಕ ಕೇಳಿದಿ. ಬೂದಿ ಇಲ್ದ ಎಳಿ ಹೆಂಗ ಕೂಡ್ತಾವ ಹೇಳು? ಬರಿಯೂಮುಂದ ಆಕಾಶ ಮರತೇ ಹೋತು.” ಹೆಸರು ಯಾಕೆ ಮುಚ್ಚಿಟ್ಟಿರಿ ಎಂದಿದ್ದಕ್ಕೆ ಇನ್ನೂ ನಕ್ಕರು. “ಮನ್ಯಾಗ ಮಾವ ಇದ್ರು. ಅವರೂ ಓದತಿದ್ರು. ಇದನ್ನ ಬರ್ಯಾಂವ ಯಾರಿರಬೇಕು ಅಂತ ನನ್ನನ್ನ ಕೇಳತಿದ್ರು!”

ಬಸ್ಸಿನಲ್ಲಿ ಬಸ್ಯಾ ಕಿಟಕಿಯ ಕಡೆ ಮುಖ ಮಾಡಿದ್ದ. ಊರು ಹತ್ತಿರವಾದಾಗ ಬಾಯಿಬಿಟ್ಟ. “ಆಕಿ ಖರೆ ಗಗನಚರ ಅಲ್ಲ ಬಿಡು. ಸರಕಾರದವ್ರು ಕಳಿಸಿದಾಕಿ.” ಆದರೂ ಮುಂದಿನ ವಾರ ಪತ್ರಿಕೆಯನ್ನು ಮಡಿಕೆ ಬಿಚ್ಚದೆ ತಂದು ನನ್ನ ಕೈಗಿಟ್ಟ. ಹೊಸ ಮಸಿಯ ವಾಸನೆ ಮೂಗಿಗೆ ಹತ್ತಿತು. ಆ ದಿನ ಓಣಿಯಲ್ಲಿ ನನ್ನಷ್ಟು ದೊಡ್ಡವರು ಯಾರೂ ಇರಲಿಲ್ಲ.

ಆ ಪತ್ರಿಕೆ ಈಗಿಲ್ಲ, ಅವ್ವನ ಬೂದಿಯ ಬಟ್ಟಲೂ ಇಲ್ಲ. ಯಾವ ಲೇಖಕರ ಮುಖ ಬೇಕಾದರೂ ಫೋನಿನಲ್ಲಿ ಸಿಗುತ್ತದೆ, ಅವರು ಮುಂಜಾನೆ ತಿಂದ ಉಪ್ಪಿಟ್ಟು ಸಮೇತ. ಒಂದು ವಾರ ಕಾಯುತ್ತ, ಕಟ್ಟೆಯ ಮೇಲೆ ಕೂತು ಒಬ್ಬರನ್ನು ಮನಸ್ಸಿನಲ್ಲೇ ಕಟ್ಟುವ ಆ ಸುಖ ಹೋಯಿತು, ಅದಕ್ಕೆ ನನಗೆ ಖಂಡಿತ ದುಃಖವಿದೆ. ಬಸ್ಯಾನಿಗೆ ಈಗ ಜಮಖಂಡಿಯ ಕೋರ್ಟಿನಲ್ಲಿ ನೌಕರಿ. ದಿನವೂ ಸಾಕ್ಷಿ ಕೇಳುವವರ ನಡುವೆ ಕೂತರೂ ಅವನು ಸುಧಾರಿಸಿಲ್ಲ. ಮುಂಜಾನೆ ನಾನು ಏಳುವುದರೊಳಗೆ ಜಗತ್ತಿನ ಗುಟ್ಟೊಂದನ್ನು ವಾಟ್ಸಾಪಿನಲ್ಲಿ ತಳ್ಳಿರುತ್ತಾನೆ.

ನಾನು ಜಗಳಾಡುವುದಿಲ್ಲ. “ಬೂದಿ ಎಲ್ಲಿಂದ ಬಂತಲೇ?” ಎಂದಷ್ಟೇ ಬರೆಯುತ್ತೇನೆ. ಆಮೇಲೆ ಉತ್ತರ ಬರುತ್ತದೆ:

“ಆತು ಮಾರಾಯ್ತಿ. ಮೊದಲ ನೀನ ಓದು.”