ಎರಡನೇ ನಂಬರಿನ ಬಿರುಗಾಳಿ

ಫೋನಲ್ಲಿ ಕನ್ನಡ ಟೈಪ್ ಮಾಡೋದು ಕಲಿತು ಮೂರು ವಾರ ಆಯ್ತು. ಕಲಿಸಿದ್ದು ಮೊಮ್ಮಗಳು. ಅವಳಿಗೆ ಕನ್ನಡ ಓದೋಕೆ ಬರಲ್ಲ, ನನಗೆ ಮೇಷ್ಟ್ರು! ಒಂದೇ ಬೆರಳಲ್ಲಿ ಒತ್ತುತೀನಿ. ಒತ್ತಕ್ಷರ ಬಂದ್ರೆ ಉಸಿರು ಬಿಗಿಹಿಡೀತೀನಿ. ಮೊದಲನೇ ಮೆಸೇಜು ಮಗಳಿಗೆ ಕಳಿಸಿದ್ದು, "ಸಾರಿಗೆ ಉಪ್ಪು ಕಮ್ಮಿ" ಅಂತ. ಅವಳು ಎದುರಿಗೇ ಕೂತು ಊಟ ಮಾಡ್ತಿದ್ಲು.

ಆದ್ರೆ ನಾನು ಕಲಿತಿದ್ದು ಅದಕ್ಕಲ್ಲ. ಈ ಮೊಮ್ಮಗಳು ಹುಟ್ಟಿದ ದಿನ ಏನೇನಾಯ್ತು ಅಂತ ಬರೆದಿಡಬೇಕು. ಅವಳ ಅಪ್ಪ ಅದನ್ನ ನೋಡ್ಲಿಲ್ಲ. ನೋಡದ ಹಾಗೆ ಮಾಡಿದ್ದು ನಾನು.

ನಮ್ಮನೆಯವರು ಕಾರವಾರದ ಬಂದರಲ್ಲಿ ಸಿಗ್ನಲ್ ಏರಿಸೋ ಕೆಲಸದಲ್ಲಿದ್ರು. ಸಮುದ್ರದಲ್ಲಿ ಬಿರುಗಾಳಿ ಎದ್ರೆ ಮೇಲಿನಿಂದ ನಂಬರ್ ಬರ್ತಿತ್ತು. ಆ ನಂಬರಿಗೆ ತಕ್ಕ ಕಪ್ಪು ಗುರುತನ್ನ ಇವರು ಕಂಬಕ್ಕೆ ಏರಿಸಬೇಕು. ಒಂದು, ಎರಡು ಅಂದ್ರೆ ಗಾಳಿ ಎಲ್ಲೋ ದೂರದಲ್ಲಿದೆ ಅಂತ. ಮೂರು ಏರಿಸಿದ ದಿನಾನೂ ಇವರು ಮನೆಗೆ ಬಂದು ಊಟ ಮಾಡಿ ಒಂದು ನಿದ್ದೆ ತೆಗೀತಿದ್ರು. ಎಂಟು, ಒಂಬತ್ತು, ಹತ್ತು ಬಂದ್ರೆ ಮಾತ್ರ ದೇವರ ಮುಂದೆ ದೀಪ ಹಚ್ಚೋದು.

ಮೀನುಗಾರರು ಬಂದು ಕೇಳೋರು, "ಒಡೆಯಾ, ದೋಣಿ ಇಳಿಸ್ಲಾ ಬೇಡ್ವಾ? ಒಂದು ಮಾತು ಹೇಳಿ."

"ನಂಬರ್ ನೋಡು ಮಾರಾಯಾ. ನಾನು ನಂಬರ್ ಏರಿಸೋನು, ಅರ್ಥ ಹೇಳೋನಲ್ಲ."

ಅಷ್ಟೇ. ಕಾಡಿದ್ರೂ, ಬೇಡಿದ್ರೂ ಅದಕ್ಕಿಂತ ಒಂದಕ್ಷರ ಹೆಚ್ಚು ಬರ್ತಿರಲಿಲ್ಲ. "ನಿಮಗಿಂತ ಆ ಕಂಬಾನೇ ವಾಸಿ, ಗಾಳಿ ಬಂದಾಗ ಅದಾದ್ರೂ ಕಿರ್ರ್ ಅನ್ನುತ್ತೆ" ಅಂತ ನಾನು ಆಡ್ಕೊಳ್ತಿದ್ದೆ. ಅವರು ನಗ್ತಿದ್ರು. ಅರ್ಥ ಯಾಕೆ ಹೇಳಲ್ಲ ಅನ್ನೋದನ್ನ ಮಾತ್ರ ನನಗೂ ಹೇಳದೇ ಹೋದ್ರು.

ಎರಡು ಸಾವಿರದ ಎಂಟರಲ್ಲಿ ಮಗಳ ಬಾಣಂತನಕ್ಕೆ ಅಂತ ಸ್ವೀಡನ್ನಿಗೆ ಬಂದೆ. ಮಗಳಿಗೆ ಓರೆಬ್ರೂ ಊರಿನ ಆಸ್ಪತ್ರೆ ಲ್ಯಾಬಲ್ಲಿ ಕೆಲಸ. ಅಳಿಯಂದಿರಿಗೆ ಉಪ್ಸಾಲಾದಲ್ಲಿ ಔಷಧಿ ಕಂಪನಿ. ವಾರವೆಲ್ಲ ಅಲ್ಲೊಂದು ರೂಮಲ್ಲಿದ್ದು ಶುಕ್ರವಾರ ಸಂಜೆ ಟ್ರೈನಲ್ಲಿ ಬರೋರು. ಬೆಂಗಳೂರಿನವರು, ಮಾತು ಕಮ್ಮಿ. ನನ್ನ ಕೈಯಡುಗೆ ತಿಂದು "ಸೂಪರ್ ಅತ್ತೆ" ಅಂದ್ರೆ ಅವತ್ತಿಗೆ ಭಾಷಣ ಮುಗೀತು.

ಇದು ಎರಡನೇ ಬಸಿರು. ಮೊದಲನೆಯದು ಮೂರು ವರ್ಷದ ಹಿಂದೆ ಬೆಂಗಳೂರಲ್ಲಿ ಆಗಿತ್ತು. ಗಂಡು ಮಗು. ಎರಡು ದಿನ ಇತ್ತು, ಹೋಯ್ತು. ಅಳಿಯಂದಿರು ಆಗ ಇಲ್ಲಿದ್ರು. ಅವರು ವಿಮಾನ ಹತ್ತಿ ಬರೋ ಹೊತ್ತಿಗೆ ಮಣ್ಣು ಮಾಡಿ ಬಂದಾಗಿತ್ತು. ಮಗನ ಮುಖ ಅವರು ನೋಡಲೇ ಇಲ್ಲ. "ಈ ಸಲ ಹೆರಿಗೆ ಕೋಣೇಲಿ ನಾನಿರಬೇಕು, ನಾನೇ ಮೊದಲು ಎತ್ಕೋಬೇಕು" ಅಂತ ಅವರು ಒಂದೇ ಒಂದು ಸಲ ಹೇಳಿದ್ರು. ಅವರು ಒಂದು ಸಲ ಹೇಳಿದ್ರೆ ಬೇರೆಯವರು ನೂರು ಸಲ ಹೇಳಿದ ಹಾಗೆ.

ದಿನ ತುಂಬೋಕೆ ಇನ್ನೂ ಹತ್ತು ದಿನ ಇತ್ತು. ನವೆಂಬರಿನ ಗುರುವಾರ ಸಂಜೆ. ಟೀವೀಲಿ ಹವಾಮಾನ ಬಂತು. ನನಗೆ ಸ್ವೀಡಿಶ್ ಬರಲ್ಲ, ಆದ್ರೆ ನಕ್ಷೆ ಬರುತ್ತೆ. ಗಾಳಿಯ ಬಾಣ, ಹಿಮದ ಚುಕ್ಕಿ, ನಮ್ಮ ಭಾಗದ ಮೇಲೆ ಎರಡು ಅನ್ನೋ ಅಂಕಿ. ಹಿಂದಿನ ವಾರ ಒಂದು ಅಂತ ಹಾಕಿದ್ರು. ಬಾಲ್ಕನಿಯಲ್ಲಿ ಒಣಗಿಹಾಕಿದ್ದ ಒಂದು ಟವೆಲ್ ಬಿದ್ದಿತ್ತು, ಅಷ್ಟೇ. ಇದು ಎರಡು ತಾನೆ ಅಂದ್ಕೊಂಡೆ.

ಮಗಳು ಸ್ನಾನಕ್ಕೆ ಹೋಗಿದ್ಲು. ಫೋನ್ ಬಂತು, ಅಳಿಯಂದಿರದು.

"ಅತ್ತೆ, ಲ್ಯಾಬಲ್ಲೇ ಇದೀನಿ, ನ್ಯೂಸ್ ನೋಡಿಲ್ಲ. ನಾಳೆ ಸ್ನೋ ಅಂತಿದಾರೆ ಇಲ್ಲಿ ಎಲ್ಲ. ಬೆಳಿಗ್ಗೆ ಒಂದು ಮೀಟಿಂಗಿದೆ. ಬಿಟ್ಟು ಈಗ್ಲೇ ಹೊರಟುಬಿಡ್ಲಾ? ಟೀವೀಲಿ ಏನ್ ಹೇಳಿದ್ರು?"

ಎರಡು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಅವರು ಈ ದೇಶದಲ್ಲಿ ಆರು ವರ್ಷದಿಂದ ಇದ್ದೋರು. ಅವರಿಗೇ ಗೊತ್ತಾಗ್ತಿತ್ತು.

ನಾನು ನಂಬರ್ ಹೇಳ್ಲಿಲ್ಲ. "ಏನಿಲ್ಲ, ಎಲ್ಲೋ ದೂರದ ಗಾಳಿ. ಸಿಗ್ನಲ್ ಏರಿಸೋರ ಹೆಂಡತಿ ಹೇಳ್ತಿದೀನಿ, ಕೆಲಸ ಮುಗಿಸ್ಕೊಂಡೇ ಬನ್ನಿ" ಅಂದೆ.

"ಆಯ್ತು ಬಿಡಿ, ನೀವು ಹೇಳಿದ್ಮೇಲೆ!" ಅಂತ ನಕ್ಕರು. ಅಷ್ಟರೊಳಗೆ ಮೂರು ಸಲ ನನ್ನ ಮೊಣಕಾಲಿನ ನೋವು ನೋಡಿ ಹಿಮ ಬೀಳುತ್ತೆ ಅಂದಿದ್ದೆ, ಮೂರು ಸಲವೂ ಬಿದ್ದಿತ್ತು. ಅವರು ನಂಬಿದ್ರು. ಮಗಳು ಬಂದಾಗ "ನಾಳೆ ಬರ್ತಾರಂತೆ" ಅಂದೆ. ಬಿರುಗಾಳಿ ವಿಷಯ ಎತ್ತಲೇ ಇಲ್ಲ. ಅದು ಹೇಳೋವಷ್ಟು ದೊಡ್ಡ ಸಂಗತಿ ಅಂತ ನನಗನ್ನಿಸಿರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಹಿಮ ಶುರುವಾಯ್ತು. ಮೇಲಿಂದ ಬೀಳಲಿಲ್ಲ, ಅಡ್ಡಡ್ಡ ಬಂತು. ಒಂದು ಗಂಟೆಗೆ ಎದುರಿನ ಮನೆಗಳು ಕಾಣಲಿಲ್ಲ. ಮಗಳು ರೇಡಿಯೋ ಹಾಕಿ ಕೇಳ್ತಾ ನಿಂತವಳು ನನ್ನ ಕಡೆ ತಿರುಗಿದ್ಲು.

"ಅಮ್ಮಾ, ನಿನ್ನೆ ಟೀವೀಲಿ ಎಷ್ಟು ಹಾಕಿದ್ರು?"

"ಎರಡು."

"ಎರಡಾ? ಅವರಿಗೆ ಹೇಳಿದ್ಯಾ?"

"ದೂರದ ಗಾಳಿ ಅಂದೆ. ನಮ್ಮ ಬಂದರಲ್ಲಿ ಎರಡು ಅಂದ್ರೆ..."

"ಇಲ್ಲಿ ಇರೋದೇ ಮೂರಮ್ಮ! ಮೂರಕ್ಕೆ ಮುಗೀತು. ಮೂರು ಅಂದ್ರೆ ನಿಮ್ಮ ಹತ್ತು."

ನನ್ನ ಕೈಲಿದ್ದ ಸೌಟು ಕೈಲೇ ಇತ್ತು. ಅದನ್ನ ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ.

ಅವಳು ಗಂಡನಿಗೆ ಫೋನ್ ಮಾಡಿದ್ಲು. ಅವರು ಹನ್ನೆರಡಕ್ಕೇ ಟ್ರೈನ್ ಹತ್ತಿದ್ರಂತೆ. ಅರ್ಧ ದಾರೀಲಿ, ಕಾಡಿನ ಮಧ್ಯೆ, ಕರೆಂಟಿನ ತಂತಿ ಮೇಲೆ ಮರ ಬಿದ್ದು ಟ್ರೈನ್ ನಿಂತಿದೆ ಅಂದ್ರು. "ಬಂದೇ ಬರ್ತೀನಿ, ನೀನು ಟೆನ್ಷನ್ ಮಾಡ್ಕೋಬೇಡ" ಅಂದಿದ್ದು ನನಗೂ ಕೇಳಿಸ್ತು.

ಮೂರು ಗಂಟೆಗೆ ಕತ್ತಲಾಯ್ತು, ಇಲ್ಲಿ ಆಗ ಕತ್ತಲಾಗೋದೇ ಹಾಗೆ. ಮೂರೂ ಕಾಲಿಗೆ ಮಗಳು ಗೋಡೆ ಹಿಡ್ಕೊಂಡ್ಲು. ಆಸ್ಪತ್ರೆಯವರು ಬನ್ನಿ ಅಂದ್ರು. ಟ್ಯಾಕ್ಸಿ ಸಿಗಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದ, ರಿಟೈರಾದ ಬಸ್ ಡ್ರೈವರ್. ಎರಡು ತಿಂಗಳಿಂದ ಮೆಟ್ಟಿಲ ಮೇಲೆ ಎದುರಾದ್ರೂ ಮಾತಿಲ್ಲ, ಕತೆಯಿಲ್ಲ. ನಾನು ಅವನ ಬಾಗಿಲು ಬಡಿದು, ಹೊಟ್ಟೆಯ ಮೇಲೆ ದೊಡ್ಡದಾಗಿ ಕೈಯಾಡಿಸಿ ತೋರಿಸಿದೆ. ನನ್ನ ವಯಸ್ಸು ನೋಡಿ ಒಂದು ಗಳಿಗೆ ಗಾಬರಿಯಾದ. ಆಮೇಲೆ ಮೇಲಿಂದ ಮಗಳ ದನಿ ಕೇಳಿ ಕಾರಿನ ಕೀ ತಗೊಂಡ. ಹತ್ತು ನಿಮಿಷದ ದಾರಿಗೆ ಐವತ್ತು ನಿಮಿಷ ಆಯ್ತು. ಎರಡು ಸಲ ಇಳಿದು ಸಲಿಕೆಯಲ್ಲಿ ಹಿಮ ಸರಿಸಿದ. ಆಸ್ಪತ್ರೆ ಬಾಗಿಲಲ್ಲಿ ಟೋಪಿ ತೆಗೆದು ನಿಂತ, ಗುಡಿ ಮುಂದೆ ನಿಲ್ಲೋ ಹಾಗೆ.

ನಮ್ಮ ಕಡೆ ತಾಯಂದಿರು ಹೆರಿಗೆ ಕೋಣೆ ಹೊರಗೆ ಬೆಂಚಿನ ಮೇಲೆ ಕೂರೋದು. ಇಲ್ಲಿ ನರ್ಸು ನನ್ನ ಕೈಹಿಡಿದು ಒಳಗೇ ನಿಲ್ಲಿಸಿದ್ಲು, ಮಗಳ ತಲೆ ಹತ್ರ. ಅಪ್ಪನಿಗೆ ಅಂತ ಹಾಕಿದ್ದ ಕುರ್ಚಿ ಅದು. ನಾನು ಕೂರಲಿಲ್ಲ. ಆರು ಗಂಟೆವರೆಗೂ ಅಳಿಯಂದಿರು ಫೋನಲ್ಲೇ ಇದ್ರು. ಮಗಳ ಕಿವಿಗೆ ಫೋನ್ ಹಿಡಿದಿದ್ದೋಳು ನಾನು. "ಉಸಿರು ಬಿಡು, ನಿಧಾನ, ನಾನಿದೀನಿ" ಅನ್ನೋ ದನಿ ಬರ್ತಾನೇ ಇತ್ತು. ಅವರ ಫೋನ್ ಚಾರ್ಜ್ ಮುಗೀತು. ಮಾತು ನಡುವೆ ನಿಂತುಹೋಯ್ತು. ಮಗಳು ಕಣ್ಣು ಬಿಟ್ಟು ನನ್ನನ್ನ ನೋಡಿದ್ಲು. ಬೈದಿದ್ರೆ ಚೆನ್ನಾಗಿರ್ತಿತ್ತು.

ಏಳು ಗಂಟೆ ದಾಟಿದ ಮೇಲೆ ಹುಟ್ಟಿದ್ಲು. ಮೊದಲು ಅಳಲಿಲ್ಲ. ನಾನು ಎಣಿಸ್ತಾ ಇದ್ದೆ, ಯಾಕೆ ಅಂತ ಗೊತ್ತಿಲ್ಲ. ಒಂಬತ್ತಕ್ಕೆ ಬಂದಾಗ ಅತ್ಲು. ನರ್ಸು ಕತ್ತರಿಯನ್ನ ನನ್ನ ಕಡೆ ಚಾಚಿದ್ಲು. ಹೊಕ್ಕುಳ ಬಳ್ಳಿ ಇಲ್ಲಿ ಅಪ್ಪ ಕತ್ತರಿಸೋದಂತೆ. ಬೇಡ ಅಂತ ತಲೆ ಆಡಿಸಿದೆ. ಮಗಳು "ಮಾಡಮ್ಮಾ" ಅಂದ್ಲು. ಮಾಡಿದೆ. ಹಸಿ ನುಗ್ಗೇಕಾಯಿ ಹೆಚ್ಚಿದಷ್ಟು ಗಟ್ಟಿ ಇತ್ತು. ಎತ್ಕೊಳ್ಳಿ ಅಂದಾಗ ಮಾತ್ರ ನಾನು ಕೈ ಹಿಂದೆ ಕಟ್ಕೊಂಡೆ. ಮಗೂನ ತಾಯಿಯ ಎದೆ ಮೇಲೇ ಇಟ್ರು.

ಅಳಿಯಂದಿರು ಶನಿವಾರ ಮಧ್ಯಾಹ್ನ ಬಂದ್ರು. ರಾತ್ರಿಯೆಲ್ಲ ಟ್ರೈನಲ್ಲಿ ಕಳೆದು, ಬೆಳಿಗ್ಗೆ ಬಸ್ಸು ಹಿಡಿದು. ಶೂ ಒದ್ದೆ, ಮೀಸೆ ಒದ್ದೆ. ಅವರು ಮಗೂನ ಎತ್ಕೊಂಡು ಕಿಟಕಿ ಹತ್ರ ಹೋಗಿ ನಮಗೆ ಬೆನ್ನು ಮಾಡಿ ನಿಂತ್ರು. ತುಂಬ ಹೊತ್ತು ನಿಂತ್ರು.

ಕಾರಿಡಾರಿನಲ್ಲಿ ನಾನೇ ಅವರನ್ನ ತಡೆದೆ. "ಟೀವೀಲಿ ಎರಡು ಅಂತ ಹಾಕಿದ್ರು. ನಾನು ನಿಮಗೆ ನಂಬರ್ ಹೇಳ್ಲಿಲ್ಲ. ನಮ್ಮ ಬಂದರಿನ ಎರಡು ಅಂದ್ಕೊಂಡೆ. ನಮ್ಮನೆಯವರು ಅರ್ಥ ಹೇಳ್ತಿರಲಿಲ್ಲ, ನಾನು ಹೇಳಿಬಿಟ್ಟೆ. ಹೀಗಾಗುತ್ತೆ ಅಂತ..."

"ಗೊತ್ತಾಯ್ತು ಅತ್ತೆ" ಅಂದ್ರು. ಗೋಡೆ ನೋಡ್ತಾ ಇದ್ರು. "ಅದೆಲ್ಲ ಬಿಡಿ. ಒಳಗೆ ಏನಾಯ್ತು ಅಂತ ಹೇಳಿ. ಮೊದಲಿಂದ."

"ಎಲ್ಲಿಂದ?"

"ಮೂರೂ ಕಾಲಿಂದ."

ಬೆಂಚಿನ ಮೇಲೆ ಕೂತು ಹೇಳಿದೆ. ಗೋಡೆ ಹಿಡಿದಿದ್ದು, ಸಲಿಕೆ, ಟೋಪಿ, ಕುರ್ಚಿ, ಕತ್ತರಿ. ಅತ್ಲು ಅಂದೆ. "ತಕ್ಷಣ ಅತ್ಲಾ?" ಅಂದ್ರು. ಸುಳ್ಳು ಹೇಳೋಣ ಅನ್ನಿಸ್ತು. "ಇಲ್ಲ, ಒಂಬತ್ತು ಎಣಿಸಿದ ಮೇಲೆ" ಅಂದೆ. ಅವರು ಕಣ್ಣು ಮುಚ್ಚಿ ತಾವೇ ಮೆತ್ತಗೆ ಒಂಬತ್ತರವರೆಗೂ ಎಣಿಸಿದ್ರು.

ಆಮೇಲೆ ಅವರು ನನ್ನ ಹತ್ರ ಹವಾಮಾನ ಕೇಳಿದ್ದಿಲ್ಲ. ನನ್ನ ಮೊಣಕಾಲು ಎಷ್ಟೇ ನೋಯಲಿ, ನಾನೂ ಬಾಯಿ ಬಿಟ್ಟಿಲ್ಲ. ಆದ್ರೆ ಪ್ರತಿ ವರ್ಷ ಅವಳ ಹುಟ್ಟುಹಬ್ಬದ ದಿನ, ಕೇಕು ಕತ್ತರಿಸಿ ಮಕ್ಕಳೆಲ್ಲ ಹೋದ ಮೇಲೆ, ಪಕ್ಕ ಬಂದು ಕೂರ್ತಾರೆ. "ಹೇಳಿ ಅತ್ತೆ." ನಾನು ಮೂರೂ ಕಾಲಿಂದ ಶುರು ಮಾಡ್ತೀನಿ. ನಡುವೆ ಏನಾದ್ರೂ ಬಿಟ್ರೆ ಅವರೇ ನೆನಪು ಮಾಡ್ತಾರೆ. ಹೋದ ವರ್ಷ ಸಲಿಕೆ ವಿಷಯ ನಾನು ಮರೆತೇಬಿಟ್ಟಿದ್ದೆ.

ಅದಕ್ಕೇ ಈ ಒಂದು ಬೆರಳಿನ ಕೆಲಸ. ನಾಳೆ ಇದನ್ನ ಅವರ ಫೋನಿಗೆ ಕಳಿಸ್ತೀನಿ. ಇಷ್ಟು ಉದ್ದದ್ದನ್ನ ಹೇಗೆ ಕಳಿಸೋದು ಅಂತ ಮೊಮ್ಮಗಳನ್ನ ಕೇಳಬೇಕು.